ಯಾರ್ಕ್ ಮಿನ್‌ಸ್ಟರ್: ಎಂಟುನೂರು ವರ್ಷಗಳ ಜೀರ್ಣೋದ್ಧಾರವನ್ನು ಕಣ್ಣಾರೆ ನೋಡಬಹುದಾದ ಮಹಾದೇಗುಲ

ಇಂಗ್ಲೆಂಡಿಗೆ ಮಕ್ಕಳನ್ನೋ ಸ್ನೇಹಿತರನ್ನೋ ನೋಡಲು ಬರುವ ಕನ್ನಡಿಗರಲ್ಲಿ ಹೆಚ್ಚಿನವರ ತಿರುಗಾಟ ಲಂಡನ್ನಿನ ಸುತ್ತಮುತ್ತಲೇ ಮುಗಿದುಹೋಗುತ್ತದೆ. ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಡುವ ವೇಗದ ರೈಲು ಸುಮಾರು ಎರಡು ಗಂಟೆಯಲ್ಲಿ ಉತ್ತರದ ಯಾರ್ಕ್ ನಗರವನ್ನು ಮುಟ್ಟಿಸುತ್ತದೆ ಎಂದು ಹೇಳಿದರೂ, ಒಂದು ಚರ್ಚು ನೋಡುವುದಕ್ಕಾಗಿ ಅಷ್ಟು ದೂರ ಹೋಗಬೇಕೇ, ಅದರ ಮೇಲೆ ಟಿಕೆಟ್ಟಿಗೂ ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಏಳುತ್ತದೆ. ಎರಡಕ್ಕೂ ನನ್ನ ಉತ್ತರ ಹೌದು ಎಂಬುದೇ. ಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬಹುಕಾಲದಿಂದ ನರ್ಸ್ ಆಗಿರುವ ಗೆಳತಿಯ ಮನೆಯಲ್ಲಿ ಉಳಿದುಕೊಂಡು, ಅವಳ ಜೊತೆಯಲ್ಲಿ ಆ ಊರಿನ ಮಹಾದೇಗುಲವಾದ ಯಾರ್ಕ್ ಮಿನ್‌ಸ್ಟರನ್ನು ಬಿಡುವಾಗಿ ನೋಡಿದ ಮೇಲೆ, ಅಲ್ಲಿ ಏನನ್ನು ನೋಡಬೇಕು, ಯಾವುದಕ್ಕೆ ಹೆಚ್ಚು ಹೊತ್ತು ಕೊಡಬೇಕು, ಕೊಟ್ಟ ಹಣಕ್ಕೆ ಏನು ಸಿಗುತ್ತದೆ ಎಂಬುದನ್ನು ಮುಂದೆ ಹೋಗುವವರಿಗಾಗಿ ಬರೆದಿಡಬೇಕೆನಿಸಿತು.

ರೈಲು ನಿಲ್ದಾಣದಿಂದ ಊಸ್ ನದಿಯ ಮೇಲಿನ ಲೆಂಡಲ್ ಸೇತುವೆಯನ್ನು ದಾಟಿ ಕಾಲು ಗಂಟೆ ನಡೆದರೆ ಮಿನ್‌ಸ್ಟರ್ ಸಿಗುತ್ತದೆ. ಆದರೆ ನೇರವಾಗಿ ಒಳಗೆ ಹೋಗುವ ಬದಲು ಮೊದಲು ಬೂದಮ್ ಬಾರ್ ಎಂಬ ಹಳೆಯ ಹೆಬ್ಬಾಗಿಲಿನಲ್ಲಿ ಕೋಟೆಗೋಡೆಯನ್ನು ಹತ್ತಿ, ಮಂಕ್ ಬಾರ್‌ವರೆಗಿನ ಭಾಗವನ್ನು ನಡೆಯುವುದು ಒಳ್ಳೆಯದು. ಗೋಡೆಯ ಮೇಲೆ ನಡೆಯಲು ಹಣ ಕೊಡಬೇಕಾಗಿಲ್ಲ. ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕುತ್ತಾರೆ ಎಂಬುದನ್ನು ಮಾತ್ರ ನೆನಪಿಡಬೇಕು. ಮಿನ್‌ಸ್ಟರಿನ ಪೂರ್ಣ ಉದ್ದ, ಪಶ್ಚಿಮದ ಜೋಡಿ ಗೋಪುರಗಳು, ನಡುವಿನ ದೊಡ್ಡ ಗೋಪುರ ಎಲ್ಲವೂ ಒಂದೇ ನೋಟಕ್ಕೆ ದಕ್ಕುವುದು ಇಲ್ಲಿಂದಲೇ. ಬುಡದಲ್ಲಿ ನಿಂತವರಿಗೆ ಕಟ್ಟಡ ತನ್ನ ಗಾತ್ರದಿಂದಾಗಿಯೇ ತುಂಡು ತುಂಡಾಗಿ ಕಾಣುತ್ತದೆ.

ಮೊದಲು ಟಿಕೆಟ್ಟಿನ ವಿಚಾರವನ್ನು ಹೇಳಿಬಿಡುತ್ತೇನೆ. ಈಚಿನ ವರ್ಷಗಳಲ್ಲಿ ವಯಸ್ಕರ ಪ್ರವೇಶದರ 20 ಪೌಂಡಿನ ಆಸುಪಾಸಿನಲ್ಲಿದೆ. ಗೋಪುರ ಹತ್ತುವುದಕ್ಕೆ ಪ್ರತ್ಯೇಕ ಹಣ. ರೂಪಾಯಿಗೆ ಪರಿವರ್ತಿಸಿ ನೋಡಿದರೆ ಇದು ಸಣ್ಣ ಮೊತ್ತವೇನಲ್ಲ, ಕುಟುಂಬದೊಡನೆ ಹೋಗುವವರಿಗಂತೂ ಯೋಚಿಸಬೇಕಾದ ಮೊತ್ತವೇ. ಹೊರಡುವ ಮುನ್ನ ಮಿನ್‌ಸ್ಟರಿನ ಜಾಲತಾಣದಲ್ಲಿ ಅಂದಿನ ದರವನ್ನೂ ವೇಳೆಯನ್ನೂ ನೋಡಿಕೊಳ್ಳಬೇಕು, ಏಕೆಂದರೆ ಭಾನುವಾರ ಬೆಳಗಿನ ಆರಾಧನೆಗಳು ಮುಗಿಯುವ ತನಕ ಪ್ರವಾಸಿಗಳಿಗೆ ಪ್ರವೇಶವಿರುವುದಿಲ್ಲ. ಇಂಗ್ಲೆಂಡಿನ ಕೆಥೆಡ್ರಲ್‌ಗಳ, ಅಂದರೆ ಇಂಥ ಮಹಾದೇಗುಲಗಳ, ದಿನನಿತ್ಯದ ಖರ್ಚಿಗೆ ಸರ್ಕಾರದಿಂದ ನಿಗದಿತ ವಾರ್ಷಿಕ ಅನುದಾನವೇನೂ ಬರುವುದಿಲ್ಲ. ಬಂದವರ ಹಣ, ಭಕ್ತರ ಕಾಣಿಕೆ ಮತ್ತು ದತ್ತಿಗಳಿಂದಲೇ ಕಲ್ಲು, ಸೀಸ, ಗಾಜುಗಳ ದುರಸ್ತಿ ನಡೆಯಬೇಕು. ಯಾರ್ಕಿನ ವಿಶೇಷವೆಂದರೆ ಆ ಹಣ ಎಲ್ಲಿ ಹೋಗುತ್ತಿದೆ ಎಂಬುದು ನೋಡುವವರ ಕಣ್ಣಮುಂದೆಯೇ ಇರುತ್ತದೆ. ಟಿಕೆಟ್ಟಿನಲ್ಲೇ ಸ್ವಯಂಸೇವಕ ಮಾರ್ಗದರ್ಶಕರ ವಿವರಣೆಯೂ ಸೇರಿರುವುದರಿಂದ ಅದನ್ನು ತಪ್ಪಿಸಬಾರದು. ಇವರಲ್ಲಿ ಅನೇಕರು ನಿವೃತ್ತರು. ಒಂದು ಪ್ರಶ್ನೆ ಕೇಳಿದರೆ ನಾಲ್ಕು ಸಂಗತಿಗಳನ್ನು ಸಂತೋಷದಿಂದ ಹೇಳುತ್ತಾರೆ.

ಈಗ ನಾವು ನೋಡುವ ಕಟ್ಟಡದ ಕೆಲಸ 1220ರ ಸುಮಾರಿಗೆ ಆರ್ಚ್‌ಬಿಷಪ್ ವಾಲ್ಟರ್ ಡಿ ಗ್ರೇ ಅವರ ಕಾಲದಲ್ಲಿ ಆರಂಭವಾಗಿ, 1472ರಲ್ಲಿ ಪ್ರತಿಷ್ಠಾಪನೆಯೊಂದಿಗೆ ಮುಗಿಯಿತು. ಎರಡೂವರೆ ಶತಮಾನ ಹಿಡಿದ ಕೆಲಸವಾದ್ದರಿಂದ ಮೊನಚು ಕಮಾನುಗಳ ಗಾಥಿಕ್ ಶೈಲಿಯ ಬೇರೆ ಬೇರೆ ಹಂತಗಳು ಒಂದೇ ಸೂರಿನಡಿ ಸಿಗುತ್ತವೆ. ಪಶ್ಚಿಮದ ದೊಡ್ಡ ಹಜಾರದ ಅಗಲವೇ ಬೆರಗು ಹುಟ್ಟಿಸುವಂಥದ್ದು. ಅಷ್ಟು ಅಗಲಕ್ಕೆ ಕಲ್ಲಿನ ಚಾವಣಿಯನ್ನು ಹೊದಿಸುವ ಧೈರ್ಯ ಮಾಡದೆ ಮರದಲ್ಲಿ ಚಾವಣಿ ಮಾಡಿ, ಕಲ್ಲಿನಂತೆ ಕಾಣುವ ಹಾಗೆ ರೂಪಿಸಿದ್ದಾರೆ. ಆ ಮರದ ಚಾವಣಿ 1840ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಕಟ್ಟಲ್ಪಟ್ಟಿತು. ಹಜಾರದಲ್ಲಿ ನಡೆಯುವಾಗ ಮೇಲಿನ ಅಂತಸ್ತಿನಿಂದ ಕತ್ತು ಚಾಚಿ ನಿಂತಿರುವ ಡ್ರ್ಯಾಗನ್ನಿನ ತಲೆಯೊಂದು ಕಾಣುತ್ತದೆ. ದೀಕ್ಷಾಸ್ನಾನದ ತೊಟ್ಟಿಯ ಭಾರವಾದ ಮುಚ್ಚಳವನ್ನು ಎತ್ತಲು ಇದನ್ನು ರಾಟೆಯಂತೆ ಬಳಸುತ್ತಿದ್ದಿರಬೇಕೆಂದು ಹೇಳುತ್ತಾರೆ. ಹಜಾರದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಕಳೆಯುವ ಅಗತ್ಯವಿಲ್ಲ. ಸಮಯವನ್ನು ಪೂರ್ವದ ತುದಿಗೆ ಉಳಿಸಿಕೊಳ್ಳಬೇಕು.

ಪೂರ್ವದ ಮಹಾಕಿಟಕಿಯೇ ಈ ಭೇಟಿಯ ತಿರುಳು. ಸುಮಾರು 23 ಮೀಟರ್ ಎತ್ತರದ ಈ ಕಿಟಕಿ ಬ್ರಿಟನ್ನಿನಲ್ಲಿ ಉಳಿದುಬಂದಿರುವ ಮಧ್ಯಯುಗದ ವರ್ಣಗಾಜಿನ ಅತಿ ದೊಡ್ಡ ಹರವು. ಕವೆಂಟ್ರಿಯ ಗಾಜು ಕಲಾವಿದ ಜಾನ್ ಥಾರ್ನ್‌ಟನ್ 1405ರಲ್ಲಿ ಇದಕ್ಕಾಗಿ ಮಾಡಿಕೊಂಡ ಕರಾರಿನ ವಿವರಗಳು ಇಂದಿಗೂ ಸಿಗುತ್ತವೆ: ವಾರಕ್ಕೆ 4 ಷಿಲಿಂಗ್, ವರ್ಷದ ಕೊನೆಗೆ 5 ಪೌಂಡ್, ಮೂರು ವರ್ಷಗಳ ಗಡುವಿನೊಳಗೆ ಕೆಲಸ ಮುಗಿಸಿಕೊಟ್ಟರೆ ಮತ್ತೆ 10 ಪೌಂಡ್. ಥಾರ್ನ್‌ಟನ್ ಗಡುವಿನೊಳಗೆ ಮುಗಿಸಿದ. ಕಿಟಕಿಯ ನೆತ್ತಿಯ ಭಾಗದಲ್ಲಿ 1408 ಎಂಬ ವರ್ಷವನ್ನೂ ತನ್ನ ಅಂಕಿತವನ್ನೂ ಗಾಜಿನಲ್ಲೇ ಬರೆದಿಟ್ಟ. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರನ್ನು ಓದಿ ಹಿಗ್ಗಿದವರಿಗೆ ಈ ಅಂಕಿತ ಎಷ್ಟು ಬೆಲೆಯುಳ್ಳದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನ ಮಧ್ಯಯುಗದ ಎಷ್ಟೋ ದೊಡ್ಡ ಕೆಲಸಗಳ ಹಿಂದಿನ ಕುಶಲಕರ್ಮಿಗಳ ಹೆಸರು ಅಳಿಸಿಹೋಗಿರುವಾಗ, ಇಲ್ಲಿ ಹೆಸರು, ಊರು, ಕೂಲಿ ಮೂರೂ ಉಳಿದಿವೆ.

ಕಿಟಕಿಯ ವಸ್ತು ಸೃಷ್ಟಿಯ ಆದಿ ಮತ್ತು ಅಂತ್ಯ. ತುದಿಯಲ್ಲಿ ತೆರೆದ ಪುಸ್ತಕವನ್ನು ಹಿಡಿದು ದೇವರು ಕುಳಿತಿದ್ದಾನೆ. ಅವನ ಕೆಳಗೆ ಮೊದಲ ಮೂರು ಸಾಲುಗಳಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ಪ್ರಸಂಗಗಳು, ಅವುಗಳ ಕೆಳಗೆ ಲೋಕಾಂತ್ಯದ ದರ್ಶನಗಳು, ಅಡಿಯಲ್ಲಿ ರಾಜರು ಮತ್ತು ಬಿಷಪ್ಪರು. ನೆಲದ ಮೇಲೆ ನಿಂತವರ ಕಣ್ಣಿಗೆ ಮೇಲಿನ ಚಿತ್ರಗಳ ವಿವರಗಳು ಸಿಗುವುದಿಲ್ಲವಾದ್ದರಿಂದ ಒಂದು ಸಣ್ಣ ದುರ್ಬೀನು ಜೊತೆಗಿದ್ದರೆ ಬಹಳ ಉಪಯೋಗವಾಗುತ್ತದೆ. ಅದರಲ್ಲಿ ನೋಡಿದಾಗ ಥಾರ್ನ್‌ಟನ್ನನ ಮುಖಗಳು ತೀರಾ ಹತ್ತಿರಕ್ಕೆ ಬರುತ್ತವೆ: ತೆಳುವಾದ ಕಂದು ರೇಖೆಯಲ್ಲಿ ಬರೆದ ಮೂಗು, ಗಾಜಿನ ಮೇಲಿನ ಬಣ್ಣವನ್ನು ಕೆರೆದು ಬೆಳಕು ಹೊರಡಿಸಿದ ಗುಂಗುರು ಕೂದಲು, ಬೆಳ್ಳಿಯ ಲವಣವನ್ನು ಲೇಪಿಸಿ ಸುಟ್ಟಾಗ ಬರುವ ಹೊಂಬಣ್ಣದ ಅಂಚು. ಅಷ್ಟು ಎತ್ತರದಲ್ಲಿ ಯಾರೂ ನೋಡಲಾರರು ಎಂದು ತಿಳಿದೂ ಕೈ ಸಡಿಲ ಬಿಡದ ಆ ಶ್ರದ್ಧೆಗೆ ತಲೆಬಾಗಲೇಬೇಕು.

ಈ ಗಾಜನ್ನು ಎರಡು ಮಹಾಯುದ್ಧಗಳ ಕಾಲದಲ್ಲೂ ಕಳಚಿ ಸುರಕ್ಷಿತವಾಗಿ ಇರಿಸಿದ್ದರು. ಆಮೇಲೆ 2008ರಲ್ಲಿ ಮತ್ತೊಮ್ಮೆ ಇಡೀ ಕಿಟಕಿಯನ್ನು ಕಳಚಲಾಯಿತು. 311 ಫಲಕಗಳನ್ನು ಯಾರ್ಕ್ ಗ್ಲೇಜಿಯರ್ಸ್ ಟ್ರಸ್ಟ್‌ನ ಕುಶಲಕರ್ಮಿಗಳು ಒಂದೊಂದಾಗಿ ಬಿಚ್ಚಿ, ಶುಚಿಗೊಳಿಸಿ, ಹಿಂದಿನ ರಿಪೇರಿಗಳಲ್ಲಿ ಅಡ್ಡಾದಿಡ್ಡಿ ಸೇರಿಕೊಂಡಿದ್ದ ಸೀಸದ ಪಟ್ಟಿಗಳನ್ನು ತೆಗೆದು, ಮುಖಕ್ಕೆ ಮುಖ, ಕೈಗೆ ಕೈ ಹೊಂದಿಸಿ ಮರಳಿ ಜೋಡಿಸಿದರು; 2018ರಲ್ಲಿ ಕೊನೆಯ ಫಲಕ ತನ್ನ ಜಾಗಕ್ಕೆ ಸೇರಿತು. ಮೂರು ವರ್ಷದಲ್ಲಿ ಮಾಡಿದ ಕಿಟಕಿಯನ್ನು ಉಳಿಸಿಕೊಳ್ಳಲು ಹತ್ತು ವರ್ಷ ಬೇಕಾಯಿತು. ಈಗ ಹೊರಮೈಗೆ ಅತಿನೇರಳೆ ಕಿರಣಗಳನ್ನು ತಡೆಯುವ ಗಾಜಿನ ಹೊದಿಕೆಯಿರುವುದರಿಂದ ಮಳೆಗಾಳಿ ಹಳೆಯ ಗಾಜನ್ನು ಮುಟ್ಟುವುದಿಲ್ಲ. ಅದು ಮುಗಿದ ಮೇಲೆ 2021ರಲ್ಲಿ ಸಂತ ಕತ್‌ಬರ್ಟನ ಕಿಟಕಿಯ ಸರದಿ ಆರಂಭವಾಯಿತು. ಮಿನ್‌ಸ್ಟರಿನಲ್ಲಿರುವ ಕಿಟಕಿಗಳ ಸಂಖ್ಯೆ 128 ಎಂಬುದನ್ನು ನೆನೆದರೆ ಈ ಕೆಲಸಕ್ಕೆ ಕೊನೆಯಿಲ್ಲವೆಂಬುದು ತಾನಾಗಿ ಅರ್ಥವಾಗುತ್ತದೆ.

ಉತ್ತರದ ಬದಿಯಲ್ಲಿರುವ ‘ಐವರು ಸೋದರಿಯರು’ ಎಂಬ ಕಿಟಕಿಯಲ್ಲಿ ಚಿತ್ರಗಳಿಲ್ಲ, ಕಣ್ಸೆಳೆಯುವ ಬಣ್ಣಗಳೂ ಹೆಚ್ಚಿಲ್ಲ. 16 ಮೀಟರಿಗೂ ಎತ್ತರವಾದ ಐದು ಕಿರಿದಾದ ಕಮಾನುಗಳಲ್ಲಿ ಲಕ್ಷಕ್ಕೂ ಹೆಚ್ಚು ಗಾಜಿನ ಚೂರುಗಳನ್ನು ಸೇರಿಸಿ ಬೂದುಹಸಿರಿನ ರಂಗೋಲಿಯನ್ನು ಬಿಡಿಸಿದ್ದಾರೆ. ಕಾಲ 13ನೇ ಶತಮಾನದ ಮಧ್ಯಭಾಗ. ಹೆಚ್ಚಿನ ಪ್ರವಾಸಿಗಳು ಒಮ್ಮೆ ಕತ್ತೆತ್ತಿ ನೋಡಿ ಮುಂದೆ ಹೋಗುತ್ತಾರೆ. ನನ್ನ ಗೆಳತಿ ಮಾತ್ರ ನನ್ನನ್ನು ಇಲ್ಲಿಗೇ ಮೊದಲು ಕರೆತಂದಳು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸುತ್ತಾ ಪ್ರಾಣ ತೆತ್ತ ಬ್ರಿಟಿಷ್ ಸಾಮ್ರಾಜ್ಯದ ಮಹಿಳೆಯರ ನೆನಪಿಗಾಗಿ 1925ರಲ್ಲಿ ಈ ಕಿಟಕಿಯನ್ನು ಅರ್ಪಿಸಲಾಯಿತು, ಮತ್ತು ಅದರ ಬಳಿಯ ಓಕ್ ಮರದ ಹಲಗೆಗಳ ಮೇಲೆ ಆ ಸಾವಿರಕ್ಕೂ ಹೆಚ್ಚು ಹೆಂಗಸರ ಹೆಸರುಗಳನ್ನು ಬರೆದಿದ್ದಾರೆ. ಅವರಲ್ಲಿ ನರ್ಸುಗಳು ಬಹಳ ಮಂದಿ. ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುವ ಮುನ್ನ ಒಮ್ಮೊಮ್ಮೆ ಇಲ್ಲಿ ಬಂದು ಕುಳಿತುಕೊಳ್ಳುತ್ತೇನೆ ಎಂದು ಅವಳು ಹೇಳಿದಳು. ಊರು ಬಿಟ್ಟು ಬಂದ ಆರಂಭದ ದಿನಗಳಲ್ಲಿ ಈ ಹೆಸರುಗಳನ್ನು ಒಂದೊಂದಾಗಿ ಓದುವುದು ಅವಳಿಗೆ ರೂಢಿಯಾಗಿತ್ತಂತೆ. ಮಾರ್ಗದರ್ಶಕರ ವಿವರಣೆಯಲ್ಲಿ ಈ ಹಲಗೆಗಳಿಗೆ ಅಷ್ಟು ಸಮಯ ಸಿಗಲಾರದು, ಆದ್ದರಿಂದ ಅವನ್ನು ನೀವಾಗಿಯೇ ಹುಡುಕಿಕೊಂಡು ಹೋಗಿ ಎಂದು ಒತ್ತಿ ಹೇಳುತ್ತೇನೆ.

ಶಿಲುಬೆಯಾಕಾರದ ಈ ಕಟ್ಟಡದಲ್ಲಿ ಇದರ ಎದುರಿಗಿರುವ ದಕ್ಷಿಣದ ಬಾಹುವಿಗೆ ಬಂದು ಚಾವಣಿಯನ್ನು ನೋಡಿದರೆ ಅದು ಹೊಸದೆಂದು ಯಾರಿಗೂ ಅನಿಸುವುದಿಲ್ಲ. 1984ರ ಜುಲೈ 9ರ ನಸುಕಿನಲ್ಲಿ ಈ ಭಾಗಕ್ಕೆ ಬೆಂಕಿ ಬಿತ್ತು; ಸಿಡಿಲು ಬಡಿದದ್ದೇ ಕಾರಣವಿರಬೇಕೆಂದು ತನಿಖೆಯಿಂದ ತಿಳಿಯಿತು. ಉರಿ ಕಟ್ಟಡದ ಉಳಿದ ಭಾಗಕ್ಕೆ ಹಬ್ಬದಿರಲೆಂದು ಅಗ್ನಿಶಾಮಕ ಪಡೆಯವರು ನೀರಿನ ರಭಸದಿಂದ ಉರಿಯುತ್ತಿದ್ದ ಮಾಡನ್ನು ತಾವೇ ಕೆಡವಿದರು. ಮೇಲಿದ್ದ ರೋಸ್ ವಿಂಡೋ, ಅಂದರೆ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ರಾಜಮನೆತನಗಳ ಬೆಸುಗೆಯನ್ನು ಕೆಂಪು ಬಿಳಿ ಗುಲಾಬಿಗಳಲ್ಲಿ ತೋರಿಸುವ ದುಂಡನೆಯ ಕಿಟಕಿ, ಕಾವಿಗೆ ಸುಮಾರು 40,000 ಕಡೆ ಬಿರುಕುಬಿಟ್ಟಿತಾದರೂ ಕಳಚಿ ಬೀಳಲಿಲ್ಲ. ಬೆಂಕಿಗೆ ಕೆಲವು ವರ್ಷಗಳ ಮೊದಲು ಕಿಟಕಿಗೆ ಹೊಸ ಸೀಸದ ಪಟ್ಟಿ ಹಾಕಿದ್ದರಿಂದ ಚೂರುಗಳು ತಮ್ಮ ಜಾಗದಲ್ಲೇ ನಿಂತವು. ಹಿಂದೊಮ್ಮೆ ಯಾರೋ ಹೊತ್ತಿಗೆ ಸರಿಯಾಗಿ ಮಾಡಿಟ್ಟ ದುರಸ್ತಿ ಐನೂರು ವರ್ಷದ ಕಿಟಕಿಯನ್ನು ಒಂದು ರಾತ್ರಿಯ ಬೆಂಕಿಯಿಂದ ಕಾಪಾಡಿತು. ಆಮೇಲೆ ಬಿರುಕುಬಿಟ್ಟ ಗಾಜನ್ನು ಅಂಟಿನಿಂದ ಕೂಡಿಸಿ, ಪಾರದರ್ಶಕ ಗಾಜುಗಳ ನಡುವೆ ಇರಿಸಿ, ಮತ್ತೆ ಮೇಲಕ್ಕೇರಿಸಿದರು.

1988ರ ವೇಳೆಗೆ ಓಕ್ ಮರದ ಹೊಸ ಚಾವಣಿ ಸಿದ್ಧವಾಯಿತು. ಅದರ ಸಂಧಿಗಳಲ್ಲಿ ಕೂಡಿಸುವ ಕೆತ್ತನೆಯ ಬಿಲ್ಲೆಗಳಲ್ಲಿ ಆರನ್ನು, ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದು ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳ ಚಿತ್ರಗಳನ್ನು ಆಧರಿಸಿ ಕೆತ್ತಲಾಗಿದೆ. ಚಂದ್ರನ ಮೇಲೆ ಕಾಲಿಟ್ಟ ಗಗನಯಾತ್ರಿ, ಸಮುದ್ರದಡಿಯಿಂದ ಮೇಲೆತ್ತಿದ ಮೇರಿ ರೋಸ್ ಹಡಗು, ತಿಮಿಂಗಿಲಗಳ ರಕ್ಷಣೆ ಮುಂತಾದ 20ನೇ ಶತಮಾನದ ಸಂಗತಿಗಳು ಮಧ್ಯಯುಗದ ಕಟ್ಟಡದೊಳಗೆ ಹೀಗೆ ಬಂದು ಸೇರಿವೆ. ಹಳೆಯ ಕಟ್ಟಡವನ್ನು ಹಳೆಯದರಂತೆಯೇ ಮಾಡಬೇಕೇ, ಇಂದಿನವರ ಗುರುತಿಗೂ ಅಲ್ಲಿ ಜಾಗ ಕೊಡಬೇಕೇ ಎಂಬ ಚರ್ಚೆ ನಮ್ಮಲ್ಲೂ ನಡೆಯುತ್ತಲೇ ಇರುತ್ತದೆ. ಯಾರ್ಕಿನವರು ತಂತ್ರವನ್ನು ಹಳೆಯದರಂತೆ ಇಟ್ಟುಕೊಂಡು ವಿಷಯಕ್ಕೆ ತಮ್ಮ ಕಾಲವನ್ನು ತಂದದ್ದು ನನಗೆ ಸರಿಯೆನಿಸಿತು. ಪಶ್ಚಿಮ ಮುಖದ ಮೇಲೆ 2022ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಿರುವುದೂ ಇದೇ ಧೋರಣೆಯ ಮುಂದುವರಿಕೆ.

ಪೂರ್ವದ ಕಿಟಕಿಯ ನಂತರ ನಾನು ಅತ್ಯಂತ ಹೆಚ್ಚು ಮೆಚ್ಚಿದ್ದು ನೆಲಮಾಳಿಗೆಯ ವಸ್ತುಸಂಗ್ರಹಾಲಯವನ್ನು. 1960ರ ದಶಕದಲ್ಲಿ ನಡುಗೋಪುರದ ಬುಡ ಕುಸಿಯುತ್ತಿರುವುದು ವಾಸ್ತುಶಿಲ್ಪಿ ಬರ್ನಾರ್ಡ್ ಫೀಲ್ಡನ್ ಅವರ ಪರಿಶೀಲನೆಯಿಂದ ಗೊತ್ತಾಯಿತು. ಆ ಗೋಪುರದ ಹಿಂದಿನ ರೂಪ 1407ರಲ್ಲಿ ಕುಸಿದು ಬಿದ್ದಿದ್ದ ಇತಿಹಾಸವೂ ಇತ್ತು. 1967ರಿಂದ 1972ರವರೆಗೆ ಕಂಬಗಳ ಸುತ್ತ ಆಳವಾಗಿ ಅಗೆದು, ಹಳೆಯ ಪಾಯಕ್ಕೆ ಕಾಂಕ್ರೀಟಿನ ಕಟ್ಟು ಹಾಕಿ, ತುಕ್ಕು ಹಿಡಿಯದ ಉಕ್ಕಿನ ಸರಳುಗಳಿಂದ ಬಿಗಿದು ಗೋಪುರವನ್ನು ನಿಲ್ಲಿಸಿದರು. ಈಗ ಮೆಟ್ಟಿಲಿಳಿದು ಹೋದರೆ ಆ ಕಾಂಕ್ರೀಟನ್ನೂ ಸರಳುಗಳ ಸಾಲು ಸಾಲು ತುದಿಗಳನ್ನೂ ಮುಚ್ಚುಮರೆಯಿಲ್ಲದೆ ನೋಡಬಹುದು. ಇದೇ ಫೀಲ್ಡನ್ ಮುಂದೆ ಪರಂಪರೆಯ ಉಳಿವಿಗಾಗಿ ದುಡಿಯುವ ಭಾರತದ ಇಂಟ್ಯಾಕ್ ಸಂಸ್ಥೆಗಾಗಿ ಸ್ಮಾರಕಗಳ ಸಂರಕ್ಷಣೆಯ ಕೈಪಿಡಿಯೊಂದನ್ನು ಬರೆದುಕೊಟ್ಟರು. ಯಾರ್ಕಿನ ಈ ನೆಲಮಾಳಿಗೆಯಲ್ಲಿ ನಿಂತ ನಮಗೆ ಅದು ನೆನಪಿರಬೇಕಾದ ಸಂಬಂಧ.

ಪಾಯ ಅಗೆದವರಿಗೆ ರೋಮನ್ನರ ಸೇನಾಕೇಂದ್ರವೇ ಸಿಕ್ಕಿತು. ಕ್ರಿ.ಶ. 71ರಲ್ಲಿ ಒಂಬತ್ತನೆಯ ಲೀಜನ್ ಎಂಬ ರೋಮನ್ ಸೇನಾಪಡೆ ಕಟ್ಟಿದ ಎಬೊರಾಕಮ್ ಕೋಟೆಯ ನಡುವಣ ಕಚೇರಿಯ ಮೇಲೆಯೇ ಮಿನ್‌ಸ್ಟರ್ ನಿಂತಿದೆ. ಕ್ರಿ.ಶ. 306ರಲ್ಲಿ ಕಾನ್‌ಸ್ಟಂಟೈನನನ್ನು ಅವನ ಸೈನಿಕರು ಚಕ್ರವರ್ತಿಯೆಂದು ಸಾರಿದ್ದು ಈ ಯಾರ್ಕಿನಲ್ಲಿಯೇ. ಅವನ ಕಂಚಿನ ಪ್ರತಿಮೆ ದಕ್ಷಿಣದ ಬಾಗಿಲಿನ ಹೊರಗೆ ಕುಳಿತಿದೆ, ಎದುರಿಗೆ ಅಗೆತದಲ್ಲಿ ಸಿಕ್ಕ ರೋಮನ್ ಕಂಬವನ್ನೂ ನಿಲ್ಲಿಸಿದ್ದಾರೆ. ನೆಲಮಾಳಿಗೆಯಲ್ಲಿ ರೋಮನ್ ಗಾರೆಯ ಮೇಲಿನ ವರ್ಣಚಿತ್ರದ ತುಣುಕುಗಳನ್ನು ಜೋಡಿಸಿ ಇಟ್ಟಿದ್ದಾರೆ, ಇಂದಿಗೂ ನೀರು ಹರಿಯುವ ರೋಮನ್ನರ ಕಲ್ಲಿನ ಚರಂಡಿಯೂ ಇದೆ. ಮಕ್ಕಳಿಗೆ ಮಿನ್‌ಸ್ಟರಿನಲ್ಲಿ ಹೆಚ್ಚು ಇಷ್ಟವಾಗುವ ಜಾಗ ಇದೇ ಇರಬೇಕು.

ಚಾಪ್ಟರ್ ಹೌಸ್ ಎಂಬ ಎಂಟು ಮೂಲೆಯ ಸಭಾಭವನಕ್ಕೆ ಕನಿಷ್ಠ ಅರ್ಧ ಗಂಟೆಯಾದರೂ ಕೊಡಬೇಕು. ಅಷ್ಟು ದೊಡ್ಡ ಚಾವಣಿಗೆ ನಡುವೆ ಆಸರೆಯ ಕಂಬವಿಲ್ಲ; ಮೇಲಿರುವ ಮರದ ತೊಲೆಗಳ ಜೋಡಣೆಯೇ ಅದನ್ನು ಹೊತ್ತಿದೆ. ಬಾಗಿಲಿನ ಬಳಿ ಲ್ಯಾಟಿನ್ನಿನಲ್ಲಿ, ಹೂಗಳಲ್ಲಿ ಗುಲಾಬಿ ಹೇಗೋ ಮನೆಗಳಲ್ಲಿ ಈ ಮನೆ ಹಾಗೆ ಎಂಬ ಸಾಲಿದೆ, ಮತ್ತು ಒಳಗೆ ಕಾಲಿಟ್ಟ ಮೇಲೆ ಅದು ಅತಿಶಯವೆನಿಸುವುದಿಲ್ಲ. ಗೋಡೆಯುದ್ದಕ್ಕೂ ಇರುವ ಕಲ್ಲಿನ ಆಸನಗಳ ಮೇಲ್ಗಡೆ ಕಣ್ಣಿಗೆ ಎಟುಕುವ ಎತ್ತರದಲ್ಲೇ ನೂರಾರು ಸಣ್ಣ ತಲೆಗಳನ್ನು ಕೆತ್ತಿದ್ದಾರೆ: ನಾಲಿಗೆ ಚಾಚಿದವನು, ಬಾಯನ್ನು ಎರಡೂ ಕೈಯಿಂದ ಅಗಲಿಸಿ ಅಣಕಿಸುವವನು, ಎಲೆಗಳ ನಡುವಿನಿಂದ ಇಣುಕುವ ಪ್ರಾಣಿಗಳು. ಗುಂಪಿನೊಂದಿಗೆ ಬಂದವರು ಚಾವಣಿಯನ್ನಷ್ಟೇ ನೋಡಿ ಹೊರಟುಬಿಡುತ್ತಾರೆ. ಆಸನಗಳನ್ನು ಒಂದೊಂದಾಗಿ ಸುತ್ತಿದರೆ ಮಾತ್ರ ಕಲ್ಲುಕುಟಿಗರ ಸಂತೋಷ ಕೈಗೆ ಸಿಗುತ್ತದೆ.

ನಡುಗೋಪುರಕ್ಕೆ 275 ಮೆಟ್ಟಿಲುಗಳಿವೆ. ಮೊದಲ ಸುತ್ತುಮೆಟ್ಟಿಲಿನ ನಂತರ ಮಾಡಿನ ಮಟ್ಟದಲ್ಲಿ ಬಯಲಿಗೆ ಬಂದು, ಅಲ್ಲಿಂದ ಮತ್ತೊಂದು ಇಕ್ಕಟ್ಟಾದ ಮೆಟ್ಟಿಲನ್ನು ಏರಬೇಕು. ಮಂಡಿನೋವು, ಹೃದಯದ ತೊಂದರೆ ಇರುವವರೂ, ಇಕ್ಕಟ್ಟಾದ ಜಾಗಕ್ಕೆ ಅಂಜುವವರೂ ಹತ್ತಬಾರದು. ತೀರಾ ಚಿಕ್ಕ ಮಕ್ಕಳನ್ನು ಬಿಡುವುದೂ ಇಲ್ಲ. ಮೇಲಿಂದ ಕಾಣುವ ಊರಿನ ಕೆಂಪು ಹೆಂಚಿನ ಮಾಡುಗಳು ಚೆನ್ನಾಗಿವೆ ಎಂಬುದು ನಿಜವೇ, ಆದರೆ ಕೋಟೆಗೋಡೆಯ ಮೇಲೆ ನಡೆದವರು ಈ ಹೆಚ್ಚಿನ ಹಣವನ್ನು ಉಳಿಸಿಕೊಂಡರೆ ನಷ್ಟವೇನಿಲ್ಲ. ಅದೇ ಹೊತ್ತಿನಲ್ಲಿ ಹೊರಗೆ ಡೀನ್‌ಗೇಟ್ ಬದಿಗೆ ಹೋಗಿ ಕಲ್ಲುಕುಟಿಗರ ಅಂಗಳವನ್ನು ನೋಡುವುದು ಮೇಲು. ರೋಮನ್ನರ ಕಾಲದಿಂದ ಯಾರ್ಕಿಗೆ ಬರುತ್ತಿರುವ ನಸುಹಳದಿ ಸುಣ್ಣಕಲ್ಲಿನ ಬಂಡೆಗಳಿಗೆ ಇಲ್ಲಿ ಇಂದಿಗೂ ಉಳಿ ಬೀಳುತ್ತಿದೆ. ಮಳೆಗೆ ಸವೆದ ಕಲ್ಲನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಕೆತ್ತಿ ಕೂರಿಸುವ ಈ ಕೆಲಸವನ್ನು ಕಲಿಯಲು ಯುವಕ ಯುವತಿಯರು ಸೇರುತ್ತಿದ್ದಾರೆ.

ಹಣ ಕೊಟ್ಟು ನೋಡಲು ಸಾಧ್ಯವಿಲ್ಲದವರಿಗೆ, ಹಾಗೆಯೇ ಹಗಲೆಲ್ಲ ನೋಡಿದವರಿಗೂ, ಸಂಜೆಯ ಈವನ್‌ಸಾಂಗ್ ಎಂಬ ಗಾನಾರಾಧನೆ ಇದೆ. ಇದಕ್ಕೆ ಟಿಕೆಟ್ ಇಲ್ಲ, ಬೇರೆ ಧರ್ಮದವರೂ ಬರಬಹುದು. ಸುಮಾರು ಮುಕ್ಕಾಲು ಗಂಟೆಯ ಅವಧಿಯಲ್ಲಿ ಬಹುಪಾಲು ಹಾಡೇ ಇರುತ್ತದೆ. ಬಾಲಕ ಬಾಲಕಿಯರ ಧ್ವನಿಯೂ ದೊಡ್ಡವರ ಧ್ವನಿಯೂ ಸೇರುವ ಈ ಗಾನವೃಂದದ ಹಾಡನ್ನು, ಸ್ಥಳವಿದ್ದರೆ, ಗಾಯಕರ ಪಕ್ಕದ ಮರದ ಆಸನಗಳಲ್ಲೇ ಕುಳಿತು ಕೇಳಬಹುದು. 1829ರಲ್ಲಿ ಜೊನಾಥನ್ ಮಾರ್ಟಿನ್ ಎಂಬಾತ ಹಚ್ಚಿದ ಬೆಂಕಿಯಲ್ಲಿ ಈ ಭಾಗದ ಹಳೆಯ ಆಸನಗಳೂ ಆರ್ಗನ್ ವಾದ್ಯವೂ ಸುಟ್ಟುಹೋಗಿದ್ದವು. ಈಗ ಕೇಳಿಸುವ ಆರ್ಗನ್ನಿನ 5,000ಕ್ಕೂ ಹೆಚ್ಚು ಕೊಳವೆಗಳನ್ನು 2018ರಲ್ಲಿ ಕಳಚಿ, ದುರಸ್ತಿ ಮಾಡಿ, 2021ರಲ್ಲಿ ಮರಳಿ ಸೇರಿಸಲಾಯಿತು. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ ಐದೂವರೆಗೆ ಆರಂಭ, ಭಾನುವಾರ ಇನ್ನೂ ಬೇಗ. ಶಾಲೆಗಳಿಗೆ ರಜೆಯಿರುವಾಗ ಇಲ್ಲಿಯ ಗಾನವೃಂದದ ಬದಲು ಹೊರಗಿನ ತಂಡ ಹಾಡುವುದೂ ಉಂಟು. ಇಪ್ಪತ್ತು ನಿಮಿಷ ಮೊದಲೇ ಹೋಗಿ ಬಾಗಿಲಲ್ಲಿ ಈವನ್‌ಸಾಂಗ್‌ಗೆ ಬಂದಿದ್ದೇವೆ ಎಂದು ಹೇಳಿದರೆ ಒಳಗೆ ಕರೆದು ಕೂರಿಸುತ್ತಾರೆ. ಮೊಬೈಲನ್ನು ಆರಿಸಿಡಬೇಕು, ಚಿತ್ರ ತೆಗೆಯುವಂತಿಲ್ಲ, ಮತ್ತು ಚಳಿಗಾಲವಾದರೆ ಕೋಟನ್ನು ಬಿಚ್ಚದಿರುವುದೇ ಒಳ್ಳೆಯದು.